ಕೊಳೆರೋಗ: ಒಂದು ಹೆಸರು, ಎರಡು ಜೀವಿ

ಮಳೆ ಹಿಡಿದು ಹತ್ತು ದಿನವಾಗಿತ್ತು. ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ಬೇಕಾದ ದೃಶ್ಯಗಳ ಚಿತ್ರೀಕರಣಕ್ಕೆಂದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟಕ್ಕೆ ಹೋಗಿದ್ದೆವು. ಮರಗಳ ಬುಡದಲ್ಲೆಲ್ಲ ಎಳೆಯ ಹಸಿರು ಕಾಯಿಗಳು ಉದುರಿ ಬಿದ್ದಿದ್ದವು. ತೋಟದ ಯಜಮಾನರು ಒಂದು ಕಾಯಿಯನ್ನೆತ್ತಿ ನನ್ನ ಕೈಗಿಟ್ಟರು. ತೊಟ್ಟಿನ ಬಳಿ ನೀರು ಕುಡಿದಂತೆ ಕಾಣುವ ಕಪ್ಪು ಹಸಿರಿನ ಮಚ್ಚೆ. ಅದರ ಮೇಲೆ ಹತ್ತಿಯಂಥ ತೆಳುವಾದ ಬಿಳಿ ಪೊರೆ.

"ನೀವು ಬಿಎಸ್ಸಿ ಓದಿದವರು. ಇದು ಬೂಷ್ಟು ತಾನೆ ಸಾರ್?" ಎಂದು ಕೇಳಿದರು.

"ಹೌದು, ಒಂದು ಬಗೆಯ ಶಿಲೀಂಧ್ರ" ಎಂದೆ.

"ಹಾಗಾದರೆ ಪೇಟೆಯಲ್ಲಿ ಬೂಷ್ಟಿಗೆ ಅಂತಲೇ ಕೊಟ್ಟ ಔಷಧಿ ಹೊಡೆದೆನಲ್ಲ, ಯಾಕೆ ನಿಲ್ಲಲಿಲ್ಲ? ಕಾಫಿಗೂ ಕೊಳೆ ಬರುತ್ತದೆ. ಅದೂ ಇದೂ ಒಂದೇನಾ?"

ನನ್ನಲ್ಲಿ ಉತ್ತರವಿರಲಿಲ್ಲ. ವಾರದ ನಂತರ ಸ್ಟುಡಿಯೋಗೆ ಬಂದ ಸಸ್ಯರೋಗ ತಜ್ಞರ ಮುಂದೆ ಅದೇ ಪ್ರಶ್ನೆಯಿಟ್ಟೆ. ಅವರು ನಕ್ಕು, "ಮೊದಲ ಉತ್ತರವೇ ತಪ್ಪಾಯಿತಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದು ಶಿಲೀಂಧ್ರವೇ ಅಲ್ಲ" ಎಂದರು. ನಾನು ಕಾಲೇಜಿನಲ್ಲಿ ಅದನ್ನು ಶಿಲೀಂಧ್ರಗಳ ಅಧ್ಯಾಯದಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ನಿಮ್ಮಲ್ಲಿ ಅನೇಕರು ಹಾಗೆಯೇ ಓದಿರಬಹುದು. ಒಂದು ಜೀವಿ ಯಾವ ಕುಲಕ್ಕೆ ಸೇರಿದ್ದು ಎಂಬ ಪ್ರಶ್ನೆಯನ್ನು ಬಗೆಹರಿಸಲು ವಿಜ್ಞಾನಕ್ಕೆ ಒಂದೂವರೆ ಶತಮಾನ ಏಕೆ ಬೇಕಾಯಿತು, ಅದರಿಂದ ರೈತನಿಗೆ ಏನಾಗಬೇಕು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಲ್ಯಾಟಿನ್ನಿಗೆ ಹೋದ ಕನ್ನಡ ಪದ

ಕೊಳೆರೋಗ ಎಂಬುದು ರೈತರು ಕೊಟ್ಟ ಹೆಸರು. ಮಳೆಗಾಲದಲ್ಲಿ ಗಿಡದ ಭಾಗ ಕೊಳೆಯುತ್ತದೆ, ಆದ್ದರಿಂದ ಕೊಳೆರೋಗ. ದಕ್ಷಿಣ ಕನ್ನಡದಲ್ಲಿ ಅಡಿಕೆಯ ಇದೇ ರೋಗಕ್ಕೆ ಮಹಾಳಿ ಎನ್ನುವುದೂ ಉಂಟು. ಕಾಫಿ ತೋಟಗಳಲ್ಲಿ ಎಲೆ, ಕಾಯಿ, ಎಳೆಯ ರೆಂಬೆಗಳು ಕಪ್ಪಾಗಿ ಕೊಳೆತು, ಸತ್ತ ಎಲೆಗಳು ಒಂದು ಬಗೆಯ ಲೋಳೆ ಎಳೆಗಳಿಂದ ರೆಂಬೆಗೆ ಜೋತುಬೀಳುವ ರೋಗಕ್ಕೂ ನಮ್ಮವರು ಕೊಳೆರೋಗ ಎಂದೇ ಹೇಳುತ್ತಾರೆ.

1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ. ಸಿ. ಕುಕ್ ಈ ಕಾಫಿ ರೋಗದ ಜೀವಿಯನ್ನು ಪರಿಶೀಲಿಸಿ ಅದಕ್ಕೆ 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು ಹೆಸರಿಟ್ಟ. ತೋಟದ ಆಳುಗಳ ಬಾಯಲ್ಲಿದ್ದ ಕನ್ನಡ ಪದ ಹೀಗೆ ಲ್ಯಾಟಿನ್ ಹೆಸರಿನ ಭಾಗವಾಯಿತು. 1958ರಲ್ಲಿ ಡಚ್ ವಿಜ್ಞಾನಿ ಡಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾತಿಯ ಹೆಸರನ್ನೇ 'ಕೊಳೆರೋಗ' ಎಂದು ಮಾಡಿ, ಈ ಜೀವಿಯನ್ನು 'ಕೊಳೆರೋಗ ನಾಕ್ಸಿಯ' ಎಂದು ಕರೆದ. ಇದು ನಿಜವಾದ ಶಿಲೀಂಧ್ರ; ನಾವು ತಿನ್ನುವ ಅಣಬೆಯ ದೂರದ ಬಂಧು.

ಅಡಿಕೆಯ ಕೊಳೆರೋಗದ ಕಥೆ ಬೇರೆ. ಅದನ್ನು ತಿಳಿಯಬೇಕಾದರೆ ಮಲೆನಾಡನ್ನು ಸ್ವಲ್ಪ ಹೊತ್ತು ಬಿಟ್ಟು, 1845ರ ಐರ್ಲೆಂಡಿಗೆ ಹೋಗಬೇಕು. ಅಡಿಕೆಯನ್ನು ಕೊಳೆಯಿಸುವ ಜೀವಿಯ ಅತಿ ಹತ್ತಿರದ ದಾಯಾದಿ ಅಲ್ಲಿ ಆಲೂಗಡ್ಡೆಯ ಮೇಲೆ ಕುಳಿತಿತ್ತು.

ಹಸಿವಿನ ವರ್ಷಗಳು

1845ರ ಬೇಸಿಗೆಯಲ್ಲಿ ಬೆಲ್ಜಿಯಂನಲ್ಲಿ ಕಾಣಿಸಿಕೊಂಡ ಆಲೂಗಡ್ಡೆಯ ರೋಗ ಹಾಲೆಂಡ್, ಫ್ರಾನ್ಸ್, ಇಂಗ್ಲೆಂಡುಗಳನ್ನು ದಾಟಿ ಸೆಪ್ಟೆಂಬರ್ ಹೊತ್ತಿಗೆ ಐರ್ಲೆಂಡನ್ನು ಮುಟ್ಟಿತು. ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಕಪ್ಪಾಗಿ, ನೆಲದಡಿಯ ಗೆಡ್ಡೆಗಳು ಕೊಳೆತು ನಾರುತ್ತಿದ್ದವು. ಐರ್ಲೆಂಡಿನ ಬಡವರಿಗೆ ಆಲೂಗಡ್ಡೆಯೇ ಅನ್ನ. ಅದರಲ್ಲೂ ಬಹುಪಾಲು ಒಂದೇ ತಳಿ. ಮರುವರ್ಷ ರೋಗ ಇನ್ನೂ ಉಗ್ರವಾಗಿ ಬಂತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ರೋಗ ಬೆಳೆಯನ್ನು ಕೊಂದಿತು, ನಿಜ. ಆದರೆ ಜನ ಸಾಯುತ್ತಿದ್ದಾಗಲೂ ಐರ್ಲೆಂಡಿನಿಂದ ಧಾನ್ಯ ರಫ್ತಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಬರಗಾಲವನ್ನು ಸೂಕ್ಷ್ಮಜೀವಿಯೊಂದೇ ತರುವುದಿಲ್ಲ.

ರೋಗಕ್ಕೆ ಕಾರಣವೇನು? ಅಂದಿನ ಪ್ರಸಿದ್ಧ ಸಸ್ಯವಿಜ್ಞಾನಿ ಜಾನ್ ಲಿಂಡ್ಲೆ ಹೇಳಿದ್ದು: ಆ ವರ್ಷ ಮಳೆ, ಮೋಡ ವಿಪರೀತ, ಗಿಡಗಳು ಹೊರಹಾಕಲಾರದಷ್ಟು ನೀರು ಹೀರಿಕೊಂಡು ಕೊಳೆತವು. ಎಲೆಯ ಮೇಲೆ ಕಾಣುವ ಬಿಳಿ ಬೂಷ್ಟು ಕೊಳೆತದ್ದರ ಮೇಲೆ ಆಮೇಲೆ ಬೆಳೆದದ್ದು. ಇದಕ್ಕೆ ಎದುರಾಗಿ ನಿಂತವನು ಹಳ್ಳಿಯ ಪಾದ್ರಿ ಮೈಲ್ಸ್ ಬರ್ಕ್ಲಿ. ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದ ಈತ, ಎಲೆಯ ಒಳಗೆ ಹಬ್ಬಿದ ಎಳೆಗಳು ಪತ್ರರಂಧ್ರಗಳ ಮೂಲಕ ಹೊರಬಂದು ಬೀಜಕಗಳನ್ನು ಹೊರುವುದನ್ನು ಕಂಡಿದ್ದ. ಬೂಷ್ಟು ರೋಗದ ಫಲವಲ್ಲ, ಅದೇ ರೋಗದ ಕಾರಣ ಎಂದು 1846ರಲ್ಲಿ ಬರೆದ. ನಂಬಿದವರು ಕಡಿಮೆ. ರೋಗಗಳಿಗೆ ಸೂಕ್ಷ್ಮಜೀವಿಗಳು ಕಾರಣ ಎಂಬ ಲೂಯಿ ಪಾಸ್ಚರನ ವಾದ ಬೆಳಕಿಗೆ ಬರಲು ಇನ್ನೂ ವರ್ಷಗಳಿದ್ದವು.

ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ಪ್ರಯೋಗದಿಂದ ಈ ವಿವಾದ ಮುಗಿಸಿದ. ಆರೋಗ್ಯವಾದ ಗಿಡಗಳ ಮೇಲೆ ಬೀಜಕ ಹಾಕಿದಲ್ಲಿ ರೋಗ ಬಂತು. ಹಾಕದಲ್ಲಿ ತೇವವಿದ್ದರೂ ಬರಲಿಲ್ಲ. 1876ರಲ್ಲಿ ಆತ ಆ ಜೀವಿಗೆ 'ಫೈಟಾಫ್ತೊರ ಇನ್‌ಫೆಸ್ಟಾನ್ಸ್' ಎಂಬ ಹೆಸರಿಟ್ಟ. ಫೈಟಾಫ್ತೊರ ಎಂದರೆ ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ. ಕಾಫಿಯ ಜೀವಿಗೆ ಕನ್ನಡದ ಹೆಸರು ಬಂದದ್ದೂ ಅದೇ ವರ್ಷ ಎಂಬುದು ಒಂದು ಸೋಜಿಗ.

ಕಳ್ಳರಿಗೆಂದು ಮಾಡಿದ ಮದ್ದು

ಕಾರಣ ತಿಳಿಯಿತು, ಔಷಧಿ ಎಲ್ಲಿ? ಅದು ಸಿಕ್ಕಿದ್ದು ದ್ರಾಕ್ಷಿತೋಟದಲ್ಲಿ. 1878ರ ಸುಮಾರಿಗೆ ಅಮೆರಿಕದಿಂದ ಫ್ರಾನ್ಸಿಗೆ ಬಂದ ಒಂದು ರೋಗ ದ್ರಾಕ್ಷಿ ಎಲೆಗಳನ್ನು ಒಣಗಿಸಿ ಉದುರಿಸುತ್ತಿತ್ತು. ಇದರ ಜೀವಿಯೂ ಫೈಟಾಫ್ತೊರದ ಬಳಗಕ್ಕೆ ಸೇರಿದ್ದು. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ಪ್ರಾಧ್ಯಾಪಕ ಮಿಲಾರ್ಡೆ ಮೆಡಾಕ್ ಪ್ರದೇಶದ ಸೇಂಟ್ ಜೂಲಿಯನ್ ಎಂಬಲ್ಲಿ ನಡೆದು ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡ. ರಸ್ತೆ ಬದಿಯ ಬಳ್ಳಿಗಳಲ್ಲಿ ಎಲೆ ಉಳಿದಿತ್ತು, ಒಳಗಿನವುಗಳಲ್ಲಿ ಉದುರಿತ್ತು. ವಿಚಾರಿಸಿದಾಗ ತಿಳಿದದ್ದು: ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು. ವಿಷ ಹಾಕಿದಂತೆ ಕಾಣಲಿ ಎಂಬುದಷ್ಟೇ ಅವರ ಉದ್ದೇಶ.

ಮಿಲಾರ್ಡೆ ಅದನ್ನು ಕಂಡು ಸುಮ್ಮನಾಗಲಿಲ್ಲ. ರಸಾಯನ ವಿಜ್ಞಾನಿ ಗೇಯಾನ್ ಜತೆ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಇದೇ ಬೋರ್ಡೋ ದ್ರಾವಣ. ಬೇಗನೆ ಇದನ್ನು ಆಲೂಗಡ್ಡೆಗೂ ಸಿಂಪಡಿಸತೊಡಗಿದರು. ಐರ್ಲೆಂಡಿನ ಲಕ್ಷಾಂತರ ಜನರಿಗೆ ಅದು ನಲವತ್ತು ವರ್ಷ ತಡವಾಗಿ ಬಂದ ಔಷಧಿ.

ಮಲೆನಾಡಿಗೆ ಬಂದ ಕೆನಡಾದ ವಿಜ್ಞಾನಿ

ಈಗ ಮತ್ತೆ ನಮ್ಮ ಅಡಿಕೆ ತೋಟಕ್ಕೆ ಬರೋಣ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ಮೂವತ್ತರ ಯುವಕ ಸಸ್ಯರೋಗ ಮತ್ತು ಕೀಟಗಳ ತಜ್ಞನಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ ಹೆಬ್ಬಾಳ, ಮಂಡ್ಯ, ಬಾಳೆಹೊನ್ನೂರುಗಳಲ್ಲಿ ಕೃಷಿ ಶಿಕ್ಷಣ, ಸಂಶೋಧನೆಗಳಿಗೆ ಬುನಾದಿ ಹಾಕಿದವರು. ಆದರೆ ಅವರು ಮೊದಮೊದಲು ಕೈಹಾಕಿದ ಕೆಲಸಗಳಲ್ಲೊಂದು ಅಡಿಕೆಯ ಕೊಳೆರೋಗ.

ಕೋಲ್ಮನ್ ಬರುವ ಮೊದಲು ರೈತರು ಕೈಕಟ್ಟಿ ಕುಳಿತಿರಲಿಲ್ಲ. ಮಳೆಗೆ ಮುನ್ನ ಒಂದೊಂದು ಕೊನೆಗೂ 'ಕೊಟ್ಟೆ' ಕಟ್ಟುತ್ತಿದ್ದರು. ಬೆಟ್ಟದ ಕರಡ ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಮಾಡಿದ ಈ ಹೊದಿಕೆ ಕೊನೆಗೆ ಕೊಡೆಯಂತೆ ನಿಂತು ನೀರು ಬೀಳದಂತೆ ತಡೆಯುತ್ತಿತ್ತು. ಕೆಲಸ ಬಹಳ, ಖರ್ಚೂ ಬಹಳ. ಆದರೆ ಕಾಯಿ ಉಳಿಯುತ್ತಿತ್ತು.

ಕೋಲ್ಮನ್ ರೋಗ ಹಿಡಿದ ಕಾಯಿಗಳಿಂದ ಜೀವಿಯನ್ನು ಬೇರ್ಪಡಿಸಿ ಬೆಳೆಸಿ, ಅದು ಫೈಟಾಫ್ತೊರದ ಒಂದು ಬಗೆಯೆಂದು ಗುರುತಿಸಿ, 1910ರಲ್ಲಿ ವಿಸ್ತಾರವಾದ ವರದಿ ಪ್ರಕಟಿಸಿದರು. ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಿದರೆ ಬೆಳೆ ಉಳಿಯುತ್ತದೆಂದು ತೋರಿಸಿದರು. ಫ್ರಾನ್ಸಿನ ದ್ರಾಕ್ಷಿ ಬಳ್ಳಿಯ ಮದ್ದು ಹೀಗೆ ಮಲೆನಾಡಿನ ಅಡಿಕೆ ಮರ ಹತ್ತಿತು. ಮುಂದೆ ಮೈಸೂರಿನವರೇ ಆದ ಎಂ. ಜೆ. ನರಸಿಂಹನ್ ಈ ಜೀವಿಯ ಲೈಂಗಿಕ ಸಂತಾನೋತ್ಪತ್ತಿಯನ್ನು ಅಭ್ಯಸಿಸಿ 1930ರಲ್ಲಿ ಪ್ರಕಟಿಸಿದರು. ಅಡಿಕೆಯನ್ನು ಕೊಳೆಯಿಸುವುದರಲ್ಲಿ 'ಫೈಟಾಫ್ತೊರ ಮೀಡಿಯೈ' ಎಂಬ ಪ್ರಭೇದದ ಪಾಲು ದೊಡ್ಡದೆಂದು ಆಮೇಲಿನ ಅಧ್ಯಯನಗಳು ಗುರುತಿಸಿವೆ.

ಇಂದಿಗೂ ರೈತರು ಬಳಸುವುದು ಶೇಕಡಾ 1ರ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕೂತರೆ ತಾಮ್ರ ಹೆಚ್ಚಾಯಿತೆಂದು ಅರ್ಥ. ಇನ್ನಷ್ಟು ಸುಣ್ಣ ಬೇಕು. ಪ್ರಯೋಗಾಲಯದ ರಸಾಯನಶಾಸ್ತ್ರ ಇಲ್ಲಿ ತೋಟದ ಅಂಗಳದಲ್ಲೇ ನಡೆಯುತ್ತದೆ.

ಬೂಷ್ಟಿನ ವೇಷ, ಪಾಚಿಯ ಕುಲ

ಬರ್ಕ್ಲಿ, ಡಿ ಬಾರಿ, ಕೋಲ್ಮನ್ ಎಲ್ಲರೂ ಫೈಟಾಫ್ತೊರವನ್ನು ಶಿಲೀಂಧ್ರವೆಂದೇ ಎಣಿಸಿದ್ದರು. ಅದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಶಿಲೀಂಧ್ರದಂತೆಯೇ ನೂಲಿನಂಥ ಎಳೆಗಳಿವೆ, ಹರಿತ್ತು ಇಲ್ಲ, ಎಳೆಗಳಿಂದ ರಸ ಸುರಿಸಿ ಆಹಾರವನ್ನು ಕರಗಿಸಿ ಹೀರುತ್ತದೆ, ಬೀಜಕಗಳಿಂದ ಹರಡುತ್ತದೆ. ಆದರೆ ಸೂಕ್ಷ್ಮವಾಗಿ ನೋಡಿದವರಿಗೆ ಅನುಮಾನಗಳೂ ಇದ್ದವು.

ಮೊದಲನೆಯದು ಕೋಶಭಿತ್ತಿ. ನಿಜವಾದ ಶಿಲೀಂಧ್ರಗಳ ಭಿತ್ತಿಯಲ್ಲಿ ಮುಖ್ಯವಾಗಿ ಕೈಟಿನ್ ಇರುತ್ತದೆ. ಜಿರಳೆಯ, ಏಡಿಯ ಹೊರಕವಚದಲ್ಲಿರುವ ವಸ್ತು ಅದು. ಫೈಟಾಫ್ತೊರದ ಭಿತ್ತಿಯಲ್ಲಿರುವುದು ಸೆಲ್ಯುಲೋಸ್ ಮತ್ತು ಅದರಂಥ ಗ್ಲೂಕನ್‌ಗಳು.

ಎರಡನೆಯದು ಈಜು. ಅಡಿಕೆ ಕಾಯಿಯ ಮೇಲೆ ಮಳೆನೀರು ನಿಂತಾಗ ಈ ಜೀವಿಯ ಬೀಜಕಚೀಲ ಒಡೆದು ಹಲವು ಚಲಬೀಜಕಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡು ಕಶಾಂಗಗಳು, ಎಂದರೆ ಚಾಟಿಯಂಥ ಈಜುಬಾಲಗಳು. ಮುಂದಿನದರ ಮೇಲೆ ಸೂಕ್ಷ್ಮ ರೋಮಗಳಿರುತ್ತವೆ, ಹಿಂದಿನದು ನುಣುಪು. ಅವು ನೀರಿನಲ್ಲಿ ಈಜಿ, ಕಾಯಿಯ ಮೇಲೆ ನೆಲೆ ಹಿಡಿದು, ಕಶಾಂಗಗಳನ್ನು ಕಳಚಿ, ಮೊಳೆತು ಒಳಹೊಕ್ಕುತ್ತವೆ. ನಿಜವಾದ ಶಿಲೀಂಧ್ರಗಳಲ್ಲಿ ಬಹುಪಾಲಿಗೆ ಈಜುವ ಹಂತವೇ ಇಲ್ಲ. ಈಜುವ ಕೆಲವಕ್ಕೆ ಸಾಮಾನ್ಯವಾಗಿ ಹಿಂಭಾಗದಲ್ಲಿ ಒಂದೇ ನುಣುಪಾದ ಕಶಾಂಗ. ಒಂದು ರೋಮದ, ಒಂದು ನುಣುಪಿನ ಜೋಡಿ ಕಾಣುವುದು ಸಮುದ್ರದ ಕಂದು ಶೈವಲಗಳ ಬೀಜಕಗಳಲ್ಲಿ.

1858ರಷ್ಟು ಹಿಂದೆಯೇ ಜರ್ಮನಿಯ ಪ್ರಿಂಗ್ಸ್‌ಹೈಮ್ ಈ ಬಳಗದ ನೀರುಬೂಷ್ಟುಗಳ ಸಂತಾನೋತ್ಪತ್ತಿ ವಾಚೀರಿಯ ಎಂಬ ಪಾಚಿಯದನ್ನು ಹೋಲುತ್ತದೆ ಎಂದು ಗಮನಿಸಿದ್ದ. ಹಳೆಯ ಪಠ್ಯಗಳಲ್ಲಿ ಈ ಗುಂಪಿಗಿದ್ದ 'ಫೈಕೊಮೈಸೀಟ್ಸ್' ಎಂಬ ಹೆಸರಿನ ಅರ್ಥವೂ ಪಾಚಿಯಂಥ ಶಿಲೀಂಧ್ರ ಎಂದೇ. ಅನುಮಾನ ಹೆಸರಿನಲ್ಲೇ ಇತ್ತು. ನಿರ್ಣಯ ಮಾತ್ರ ಆಗಿರಲಿಲ್ಲ.

ನಿರ್ಣಯಕ್ಕೆ ಅಡ್ಡಿಯಾದದ್ದು ನಮ್ಮ ಪೆಟ್ಟಿಗೆಗಳು. ಲಿನೇಯಸ್ ಜೀವಲೋಕವನ್ನು ಸಸ್ಯ, ಪ್ರಾಣಿ ಎಂದು ಎರಡಾಗಿ ಹಂಚಿದಾಗ ಶಿಲೀಂಧ್ರಗಳು ಸಸ್ಯಗಳ ಕಡೆಗೆ ಬಿದ್ದವು. 1866ರಲ್ಲಿ ಹೆಕೆಲ್ 'ಪ್ರೊಟಿಸ್ಟ' ಎಂಬ ಮೂರನೆಯ ಸಾಮ್ರಾಜ್ಯ ಮಾಡಿದ. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳ ಯೋಜನೆ ಮುಂದಿಟ್ಟು ಶಿಲೀಂಧ್ರಗಳಿಗೆ ಸ್ವಂತ ಮನೆ ಕೊಟ್ಟ. ಫೈಟಾಫ್ತೊರದ ಬಳಗ ಆಗಲೂ ಆ ಮನೆಯೊಳಗೇ ಉಳಿಯಿತು. ಅದನ್ನು ಪ್ರೊಟಿಸ್ಟಗಳ ಕಡೆಗೆ ಸರಿಸಬೇಕೆಂದು ಲಿನ್ ಮಾರ್ಗುಲಿಸ್ ಮೊದಲಾದವರು ವಾದಿಸಿದರು.

1980ರ ದಶಕದ ಕೊನೆಯಲ್ಲಿ ಹೊಸ ಸಾಕ್ಷಿ ಬಂತು. ಎಲ್ಲ ಜೀವಕೋಶಗಳಲ್ಲೂ ಇರುವ ರೈಬೊಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಓದಿ ಹೋಲಿಸಿದಾಗ ಫೈಟಾಫ್ತೊರದ ಬಳಗ ಕಂದು ಶೈವಲ ಮತ್ತು ಡಯಾಟಂಗಳ ಪಕ್ಕದಲ್ಲಿ ಕುಳಿತಿತು. ಪ್ರಿಂಗ್ಸ್‌ಹೈಮ್ ಹೋಲಿಸಿದ್ದ ವಾಚೀರಿಯವೂ ಇದೇ ಕುಲದ್ದು. 1993ರಲ್ಲಿ ಇನ್ನೊಂದು ಅಚ್ಚರಿ: ನಿಜವಾದ ಶಿಲೀಂಧ್ರಗಳ ಹತ್ತಿರದ ನೆಂಟರು ಸಸ್ಯಗಳಲ್ಲ, ಪ್ರಾಣಿಗಳು. ಎಂದರೆ ಅಣಬೆಗೆ ಫೈಟಾಫ್ತೊರಕ್ಕಿಂತ ನೀವು, ನಾನು ಹತ್ತಿರದ ಸಂಬಂಧಿಗಳು! ಎಳೆ, ಬೀಜಕ, ಹೀರುವ ಆಹಾರಕ್ರಮ ಇವೆಲ್ಲ ಎರಡು ಕುಲಗಳು ಒಂದೇ ಬಗೆಯ ಬದುಕಿಗೆ ಹೊಂದಿಕೊಂಡು ಬೇರೆಬೇರೆಯಾಗಿ ಪಡೆದವು. ತಿಮಿಂಗಿಲ ಮೀನಿನ ಆಕಾರ ಪಡೆದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಪ್ರೊಟಿಸ್ಟ ಎಂಬ ಪದವೂ ಒಂದು ಕುಲದ ಹೆಸರಲ್ಲ. ಸಸ್ಯ, ಪ್ರಾಣಿ, ಶಿಲೀಂಧ್ರ ಎಂದು ವಿಂಗಡಿಸಿದ ಮೇಲೆ ಉಳಿದ, ಕೋಶಕೇಂದ್ರವುಳ್ಳ ಜೀವಿಗಳನ್ನೆಲ್ಲ ತುಂಬಿದ ಚೀಲ ಅದು. ಅಮೀಬ, ಮಲೇರಿಯ ಪರಾವಲಂಬಿ, ಡಯಾಟಂ ಎಲ್ಲ ಒಂದೇ ಚೀಲದಲ್ಲಿವೆ ಎಂದ ಮಾತ್ರಕ್ಕೆ ಅವು ಒಡಹುಟ್ಟಿದವುಗಳಲ್ಲ.

ಹೆಸರಿನಿಂದ ಆಗುವುದೇನು?

ಯಜಮಾನರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಔಷಧಿ ಕೆಲಸ ಮಾಡುವುದು ರೋಗದ ಲಕ್ಷಣ ನೋಡಿ ಅಲ್ಲ, ಜೀವಿಯ ಒಳಗಿನ ಯಂತ್ರ ನೋಡಿ. ಅನೇಕ ಆಧುನಿಕ ಶಿಲೀಂಧ್ರನಾಶಕಗಳು ಶಿಲೀಂಧ್ರಗಳು ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು ತಯಾರಿಸುವ ದಾರಿಗೆ ಅಡ್ಡಗಾಲು ಹಾಕುತ್ತವೆ. ಫೈಟಾಫ್ತೊರ ಸ್ಟೆರಾಲ್‌ಗಳನ್ನು ತಾನು ತಯಾರಿಸುವುದೇ ಇಲ್ಲ, ಆಸರೆ ಕೊಟ್ಟ ಗಿಡದಿಂದ ಪಡೆಯುತ್ತದೆ. ಇಲ್ಲದ ದಾರಿಗೆ ಅಡ್ಡಗಟ್ಟಿ ಪ್ರಯೋಜನವೇನು? ರೈತರಿಗೆ ಪರಿಚಿತವಾದ ಕಾರ್ಬೆಂಡಜಿಮ್ ಕೂಡ ಅನೇಕ ಶಿಲೀಂಧ್ರಗಳನ್ನು ತಡೆಯುತ್ತದೆ, ಫೈಟಾಫ್ತೊರಕ್ಕೆ ನಾಟುವುದಿಲ್ಲ. ತಿರುಗಿ ನೋಡಿದರೆ, 1970ರ ದಶಕದ ಕೊನೆಯಲ್ಲಿ ಬಂದ ಮೆಟಲಾಕ್ಸಿಲ್ ಫೈಟಾಫ್ತೊರದ ಬಳಗವನ್ನು ಮಾತ್ರ ಗುರಿಯಿಡುತ್ತದೆ. ಕಾಫಿಯ ಕೊಳೆರೋಗದ ನಿಜವಾದ ಶಿಲೀಂಧ್ರಕ್ಕೆ ಅದು ಮದ್ದಲ್ಲ. ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಕೆಲವೇ ವರ್ಷಗಳಲ್ಲಿ ಅದಕ್ಕೂ ಬಗ್ಗದ ಫೈಟಾಫ್ತೊರ ತಲೆಯೆತ್ತಿತು.

ಬೋರ್ಡೋ ದ್ರಾವಣಕ್ಕೆ ಮಾತ್ರ ಕುಲಗೋತ್ರದ ಹಂಗಿಲ್ಲ. ತಾಮ್ರ ಎರಡೂ ಬಗೆಯ ಜೀವಿಗಳಿಗೆ ವಿಷ. ಆದ್ದರಿಂದಲೇ ಜೀವಿಯ ಕುಲ ತಿಳಿಯದ ಕಾಲದಲ್ಲೂ ಅದು ಫಲ ಕೊಟ್ಟಿತು. ಆದರೆ ಅದು ಹೊರಗಿನ ಕಾವಲು ಮಾತ್ರ. ಒಳಹೊಕ್ಕ ಜೀವಿಯನ್ನು ಕೊಲ್ಲಲಾರದು. ಮಳೆಗೆ ಮುಂಚೆ ಒಮ್ಮೆ, ಸುಮಾರು ಒಂದೂವರೆ ತಿಂಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕೆಂದು ಹೇಳುವುದು ಅದಕ್ಕಾಗಿಯೇ. ವರ್ಷಗಟ್ಟಲೆ ಸುರಿದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ ಎಂಬ ಚಿಂತೆಯೂ ಇದೆ.

ಕಾರ್ಯಕ್ರಮ ಪ್ರಸಾರವಾದ ಮೇಲೆ ಯಜಮಾನರಿಗೆ ಫೋನು ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಅದು ಬೂಷ್ಟಲ್ಲ, ನೀರಿನ ಪಾಚಿಗಳ ಕುಲದ್ದು, ನೀರಿಲ್ಲದೆ ಈಜಲಾರದು ಎಂದು ವಿವರಿಸಿದೆ. ಅವರು ಅಷ್ಟೇನೂ ಬೆರಗಾಗಲಿಲ್ಲ. "ನೀರಿನದ್ದು ಅಂತ ಗೊತ್ತಿತ್ತು ಬಿಡಿ ಸಾರ್. ಇಲ್ಲದಿದ್ದರೆ ನಮ್ಮಜ್ಜ ಕೊಟ್ಟೆ ಯಾಕೆ ಕಟ್ಟುತ್ತಿದ್ದರು? ಈಗ ಪೇಟೆಯಲ್ಲಿ ಯಾವುದನ್ನು ಕೇಳಬಾರದು ಅಂತ ಗೊತ್ತಾಯಿತು, ಅಷ್ಟು ಸಾಕು" ಎಂದರು.

ನೀವೇ ನೋಡಿ

ಕೆರೆಯ ಅಥವಾ ಹೊಂಡದ ನೀರನ್ನು ಒಂದು ಗಾಜಿನ ಲೋಟದಲ್ಲಿ ತನ್ನಿ. ಸತ್ತ ನೊಣವೊಂದನ್ನು ಅದರ ಮೇಲೆ ತೇಲಿಬಿಡಿ. ಕೆಲವು ದಿನಗಳಲ್ಲಿ ನೊಣದ ಸುತ್ತ ಹತ್ತಿಯಂಥ ಬಿಳಿ ಎಳೆಗಳು ಎದ್ದರೆ, ಅದು ಬಹುಶಃ ಫೈಟಾಫ್ತೊರದ ಬಳಗದ ನೀರುಬೂಷ್ಟು. ಇನ್ನೊಂದು ತಟ್ಟೆಯಲ್ಲಿ ಒದ್ದೆ ಮಾಡಿದ ಬ್ರೆಡ್ಡಿನ ಚೂರನ್ನಿಟ್ಟು ಮುಚ್ಚಿ. ಅದರ ಮೇಲೆ ಬರುವುದು ನಿಜವಾದ ಶಿಲೀಂಧ್ರ. ಎರಡರ ಎಳೆಗಳನ್ನೂ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ನೋಡಿ, ಚಿತ್ರ ಬರೆಯಿರಿ. ನೀರಿನದರಲ್ಲಿ ಈಜುವ ಬೀಜಕಗಳು ಕಾಣುತ್ತವೆಯೇ ಎಂದು ತಾಳ್ಮೆಯಿಂದ ಹುಡುಕಿ. ನೋಡಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಲು ಮರೆಯಬೇಡಿ.